ಲಾಗಿನ್ ಆದ ಕೂಡಲೇ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿದೆಯಾ? ಸ್ಟಾರ್ಟಪ್ ಸ್ಕ್ರಿಪ್ಟ್ ಓಡಿಸಲು ಯಾವ ದಾರಿ ಯಾರಿಗೆ

ಹಾಸನದ ಸಾಲಗಾಮೆ ರಸ್ತೆಯ ಒಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಎಂಟೂವರೆ. ಕಾಲೇಜು ಹುಡುಗರು ಪೆನ್‌ಡ್ರೈವ್ ಹಿಡಿದು ಕಾಯುತ್ತಿದ್ದಾರೆ. ಕೌಂಟರ್‌ನಲ್ಲಿರುವ ಹುಡುಗಿ ಕಂಪ್ಯೂಟರ್ ಆನ್ ಮಾಡಿ ಲಾಗಿನ್ ಆಗುತ್ತಾಳೆ. ಪರದೆ ಪೂರ್ತಿ ಮಂಕಾಗುತ್ತದೆ. ನಡುವೆ ಒಂದು ಕಿಟಕಿ ಬಂದು, ಬದಲಾವಣೆ ಮಾಡಲು ಬಿಡಲೇ ಎಂದು ಕೇಳಿ ಅಡ್ಮಿನ್ ಪಾಸ್‌ವರ್ಡ್‌ಗಾಗಿ ಕಾಯುತ್ತದೆ. ಪಾಸ್‌ವರ್ಡ್ ಗೊತ್ತಿರುವುದು ಮಾಲೀಕರಿಗೆ ಮಾತ್ರ. ಅವರು ಬೇಲೂರಿಗೆ ಹೋಗುವ ಬಸ್ಸಿನಲ್ಲಿದ್ದಾರೆ, ಫೋನ್ ಸಿಗುತ್ತಿಲ್ಲ. ಕೊನೆಗೆ ನನಗೆ ಫೋನ್: "ಅಣ್ಣಾ, ಮತ್ತೆ ಪಾಸ್‌ವರ್ಡ್ ಕೇಳ್ತಾ ಇದೆ."

ಆ ಕಿಟಕಿ ಬರಿಸುತ್ತಿದ್ದದ್ದು ಸ್ಟಾರ್ಟಪ್ ಫೋಲ್ಡರ್‌ನಲ್ಲಿದ್ದ (ಇದರಲ್ಲಿಟ್ಟದ್ದು ಲಾಗಿನ್ ಆದ ಕೂಡಲೇ ತಾನಾಗಿ ಓಡುತ್ತದೆ) ಒಂದು ಪುಟ್ಟ ಬ್ಯಾಚ್ ಫೈಲ್, ಅಂದರೆ ವಿಂಡೋಸ್‌ಗೆ ಸಾಲುಸಾಲಾಗಿ ಆಜ್ಞೆ ಕೊಡುವ ಸ್ಕ್ರಿಪ್ಟ್. ಅದು ಮಾಡುತ್ತಿದ್ದ ಕೆಲಸ ಮೂರು. ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಹಳೇ ಪ್ರಿಂಟ್‌ಗಳನ್ನು ಅಳಿಸುವುದು, ಪಕ್ಕದ ಕಂಪ್ಯೂಟರ್‌ನಲ್ಲಿರುವ ಸ್ಕ್ಯಾನ್ ಫೋಲ್ಡರನ್ನು ಝಡ್ ಡ್ರೈವ್ ಆಗಿ ಜೋಡಿಸುವುದು, ಗಡಿಯಾರದ ಸಮಯ ಸರಿ ಮಾಡುವುದು. ಇದೊಂದು ಫೈಲನ್ನೇ ಮುಂದಿಟ್ಟುಕೊಂಡು ಇರುವ ದಾರಿಗಳನ್ನು ಹೋಲಿಸುತ್ತೇನೆ. ನಿಮ್ಮ ಫೈಲ್ ಬೇರೆ ಇರಬಹುದು, ಲೆಕ್ಕಾಚಾರ ಇದೇ.

ಮೊದಲು ಕಿಟಕಿಯನ್ನು ಸರಿಯಾಗಿ ನೋಡಿ

ಎಲ್ಲ ಕಿಟಕಿಯೂ ಒಂದೇ ಅಲ್ಲ. ಪರದೆ ಮಂಕಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಅದು ಯುಎಸಿ, ಅಂದರೆ ಯೂಸರ್ ಅಕೌಂಟ್ ಕಂಟ್ರೋಲ್. ವಿಂಡೋಸ್ ವಿಸ್ತಾದಿಂದ ಶುರುವಾಗಿ ಇವತ್ತಿನ ವಿಂಡೋಸ್ 11ರವರೆಗೂ ಇದೆ. ಅಡ್ಮಿನ್ ಖಾತೆಯಲ್ಲಿ ಇದು ಬರೀ ಹೌದು, ಇಲ್ಲ ಎಂದು ಕೇಳುತ್ತದೆ. ಸ್ಟ್ಯಾಂಡರ್ಡ್ ಯೂಸರ್ (ಅಡ್ಮಿನ್ ಹಕ್ಕಿಲ್ಲದ ಖಾತೆ) ಆದರೆ ಅಡ್ಮಿನ್ ಪಾಸ್‌ವರ್ಡನ್ನೇ ಕೇಳುತ್ತದೆ.

ಪರದೆ ಮಂಕಾಗದೆ "ಓಪನ್ ಫೈಲ್, ಸೆಕ್ಯುರಿಟಿ ವಾರ್ನಿಂಗ್" ಎಂಬ ಚಿಕ್ಕ ಕಿಟಕಿ ಬಂದರೆ ಕಾರಣ ಬೇರೆ. ಆ ಫೈಲ್ ಇಂಟರ್‌ನೆಟ್‌ನಿಂದ ಇಳಿದದ್ದು ಎಂಬ ಗುರುತು ಅದರ ಮೇಲಿದೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕೆಳಗಿರುವ ಅನ್‌ಬ್ಲಾಕ್‌ಗೆ ಟಿಕ್ ಹಾಕಿದರೆ ಮುಗಿಯಿತು. ಅದಕ್ಕೂ ಮೊದಲು ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಒಳಗೇನಿದೆ ಎಂದು ಓದಿ. ಪವರ್‌ಶೆಲ್ (ವಿಂಡೋಸ್‌ನ ಇನ್ನೊಂದು ಸ್ಕ್ರಿಪ್ಟ್ ಭಾಷೆ) ಫೈಲ್ ಓಡದೆ ಕೆಂಪು ಅಕ್ಷರದಲ್ಲಿ ಎಕ್ಸಿಕ್ಯೂಷನ್ ಪಾಲಿಸಿ, ಅಂದರೆ ಯಾವ ಸ್ಕ್ರಿಪ್ಟ್ ಓಡಿಸಲು ಬಿಡಬೇಕು ಎಂಬ ನಿಯಮ, ಎಂದು ಬಂದರೆ ಅದು ಮೂರನೇ ಸಮಸ್ಯೆ. ಅದಕ್ಕೂ ಅಡ್ಮಿನ್ ಹಕ್ಕಿಗೂ ಸಂಬಂಧವಿಲ್ಲ.

ಈ ಮೂರನ್ನು ಕಲಸಿಕೊಂಡು ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ಹಾಗಾಗಿ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇದನ್ನೇ: ಪರದೆ ಮಂಕಾಯ್ತಾ?

ಫೈಲನ್ನು ಒಡೆಯಿರಿ

ಜೆರಾಕ್ಸ್ ಅಂಗಡಿಯ ಫೈಲಿನಲ್ಲಿ ಮೇಲೆ ನಾಲ್ಕು ಸಾಲುಗಳಿದ್ದವು. ಯಾರೋ ಎಲ್ಲಿಂದಲೋ ತಂದು ಅಂಟಿಸಿದ್ದು. ನನಗೆ ಅಡ್ಮಿನ್ ಹಕ್ಕಿಲ್ಲದಿದ್ದರೆ ನನ್ನನ್ನೇ ಮತ್ತೆ ಅಡ್ಮಿನ್ ಆಗಿ ಓಡಿಸು ಎಂದು ಅವು ವಿಂಡೋಸ್‌ಗೆ ಹೇಳುತ್ತಿದ್ದವು. ಕಿಟಕಿ ಬರುತ್ತಿದ್ದದ್ದು ಅವುಗಳಿಂದ. ಬ್ಯಾಚ್ ಫೈಲ್ ತಾನಾಗಿ ಪರ್ಮಿಷನ್ ಕೇಳುವುದಿಲ್ಲ. ಹಕ್ಕಿಲ್ಲದ ಸಾಲು ಬಂದಾಗ "ಆಕ್ಸೆಸ್ ಈಸ್ ಡಿನೈಡ್" ಎಂದು ತೋರಿಸಿ ಮುಂದಿನ ಸಾಲಿಗೆ ಹೋಗುತ್ತದೆ.

ಅಲ್ಲಿ ಇನ್ನೊಂದು ವಿಚಿತ್ರವೂ ನಡೆಯುತ್ತಿತ್ತು. ಮಾಲೀಕರು ಬಂದು ಪಾಸ್‌ವರ್ಡ್ ಹಾಕಿದ ದಿನವೂ ಝಡ್ ಡ್ರೈವ್ ಕಾಣುತ್ತಿರಲಿಲ್ಲ. ಪ್ರಿಂಟ್ ಸರಿಯಾಗುತ್ತಿತ್ತು, ಡ್ರೈವ್ ಮಾತ್ರ ಇಲ್ಲ. ಕಾರಣ ಸರಳ. ಪಾಸ್‌ವರ್ಡ್ ಹಾಕಿದ ಮೇಲೆ ಸ್ಕ್ರಿಪ್ಟ್ ಓಡುವುದು ಮಾಲೀಕರ ಖಾತೆಯ ಹೆಸರಿನಲ್ಲಿ. ಡ್ರೈವ್ ಜೋಡಣೆಯಾಗುವುದೂ ಅವರ ಖಾತೆಗೇ. ಕೌಂಟರ್ ಹುಡುಗಿಯ ಖಾತೆಗೆ ಅದು ಕಾಣುವುದೇ ಇಲ್ಲ. ನೆಟ್‌ವರ್ಕ್ ಡ್ರೈವ್ ಜೋಡಿಸಲು ಅಡ್ಮಿನ್ ಹಕ್ಕು ಬೇಕಾಗಿಯೇ ಇರಲಿಲ್ಲ ನೋಡಿ. ಬೇಡದ ಹಕ್ಕು ಕೊಟ್ಟದ್ದರಿಂದಲೇ ಆ ಕೆಲಸ ಕೆಟ್ಟಿತ್ತು.

ಆದ್ದರಿಂದ ದಾರಿ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸ್ಕ್ರಿಪ್ಟಿನ ಪ್ರತಿ ಕೆಲಸವನ್ನೂ ಎರಡು ಗುಂಪಿಗೆ ಹಂಚಿ. ಬಳಸುವವರಿಗೆ ಸೇರಿದ್ದು ಒಂದು ಕಡೆ: ಡ್ರೈವ್ ಜೋಡಿಸುವುದು, ಬ್ರೌಸರ್ ತೆರೆಯುವುದು, ಅವರ ಡೆಸ್ಕ್‌ಟಾಪ್‌ಗೆ ಫೈಲ್ ತರುವುದು. ಯಂತ್ರಕ್ಕೆ ಸೇರಿದ್ದು ಇನ್ನೊಂದು ಕಡೆ: ಸರ್ವಿಸ್ (ಪರದೆಯಲ್ಲಿ ಕಾಣದೆ ಹಿಂದೆ ಓಡುವ ಪ್ರೋಗ್ರಾಂ) ನಿಲ್ಲಿಸಿ ಶುರು ಮಾಡುವುದು, ವಿಂಡೋಸ್ ಫೋಲ್ಡರ್‌ನಲ್ಲಿ ಅಳಿಸುವುದು, ಸಮಯ ಬದಲಿಸುವುದು. ಎರಡಕ್ಕೂ ಎರಡು ಫೈಲ್ ಮಾಡಿ. ಕೆಳಗೆ ಹೇಳುವ ದಾರಿಗಳಲ್ಲಿ ಕೆಲವು ಮೊದಲ ಗುಂಪಿಗೆ ಮಾತ್ರ ಸರಿ, ಕೆಲವು ಎರಡನೆಯದಕ್ಕೆ ಮಾತ್ರ.

ಸ್ಟಾರ್ಟಪ್ ಫೋಲ್ಡರ್, ರಿಜಿಸ್ಟ್ರಿಯ ರನ್

ಬಳಸುವವರಿಗೆ ಸೇರಿದ ಕೆಲಸಕ್ಕೆ ಇಷ್ಟು ಸಾಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಶೆಲ್, ಕೋಲನ್, ಸ್ಟಾರ್ಟಪ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಆ ಖಾತೆಯ ಸ್ಟಾರ್ಟಪ್ ಫೋಲ್ಡರ್ ತೆರೆಯುತ್ತದೆ. ಫೈಲಿನ ಶಾರ್ಟ್‌ಕಟ್ ಅಲ್ಲಿಡಿ. ಎಲ್ಲ ಖಾತೆಗಳಿಗೂ ಬೇಕಾದರೆ ಪ್ರೋಗ್ರಾಂ ಡೇಟಾ ಒಳಗೆ ಇನ್ನೊಂದು ಸ್ಟಾರ್ಟಪ್ ಫೋಲ್ಡರ್ ಇದೆ, ಅಲ್ಲಿಡಲು ಒಂದು ಸಲ ಅಡ್ಮಿನ್ ಬೇಕು. ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ರನ್ ಕೀ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಮುಂದೆ ಬೇರೆಯವರು ಹುಡುಕುವಾಗ ಫೋಲ್ಡರ್ ಬೇಗ ಕಣ್ಣಿಗೆ ಬೀಳುತ್ತದೆ. ನಾನು ಫೋಲ್ಡರನ್ನೇ ಬಳಸುತ್ತೇನೆ.

ಎಲ್ಲರಿಗೂ ಸೇರಿದ ಫೋಲ್ಡರ್‌ನಲ್ಲಿ ಇಟ್ಟರೆ ಅಡ್ಮಿನ್ ಹಕ್ಕು ಬರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಬರುವುದಿಲ್ಲ. ಫೈಲ್ ಎಲ್ಲೇ ಇರಲಿ, ಲಾಗಿನ್ ಆದವರ ಹಕ್ಕಿನಲ್ಲಿಯೇ ಓಡುತ್ತದೆ.

ಫೋಲ್ಡರ್‌ಗೆ ಅನುಮತಿ ಕೊಟ್ಟರೆ ಸಾಲದೇ?

ಎಷ್ಟೋ ಕಡೆ ಸ್ಕ್ರಿಪ್ಟ್‌ಗೆ ಅಡ್ಮಿನ್ ಬೇಕಾಗುವುದು ಒಂದೇ ಒಂದು ಫೋಲ್ಡರ್‌ಗಾಗಿ. ಹಳೇ ಬಿಲ್ಲಿಂಗ್ ಪ್ರೋಗ್ರಾಂ ತನ್ನ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಇಟ್ಟುಕೊಂಡಿರುತ್ತದೆ. ಬೆಳಿಗ್ಗೆ ಅದರ ನಕಲು ತೆಗೆದು ಹಳೆಯದನ್ನು ಅಳಿಸಬೇಕು. ಅಳಿಸಲು ಹಕ್ಕಿಲ್ಲ.

ಇಲ್ಲಿ ಸ್ಕ್ರಿಪ್ಟ್‌ಗೆ ಅಡ್ಮಿನ್ ಹಕ್ಕು ಕೊಡುವ ಬದಲು ಡೇಟಾ ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯುರಿಟಿ, ಎಡಿಟ್‌ಗೆ ಹೋಗಿ ಯೂಸರ್ಸ್ ಗುಂಪಿಗೆ ಮಾಡಿಫೈ ಅನುಮತಿ ಕೊಡಿ. ಒಂದೇ ಸಲದ ಕೆಲಸ. ಆಮೇಲೆ ಸ್ಕ್ರಿಪ್ಟ್ ಸಾಮಾನ್ಯವಾಗಿಯೇ ಓಡುತ್ತದೆ. ಡೇಟಾ ಇರುವ ಒಳ ಫೋಲ್ಡರ್‌ಗೆ ಮಾತ್ರ ಕೊಡಿ, ಪ್ರೋಗ್ರಾಂ ಇರುವ ಫೋಲ್ಡರ್‌ಗೆ ಬೇಡ. ಪ್ರೋಗ್ರಾಂ ಫೈಲನ್ನೇ ಯಾರಾದರೂ ಬದಲಿಸುವಂತಾಗಬಾರದು ಅಲ್ವಾ?

ನನ್ನ ಅನುಭವದಲ್ಲಿ ಅಡ್ಮಿನ್ ಬೇಕೇ ಬೇಕು ಎನ್ನುವ ಬಹಳಷ್ಟು ತಕರಾರುಗಳು ಇಲ್ಲೇ ಮುಗಿಯುತ್ತವೆ. ಒಂದು ಕಡೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಲು ಬಂದವರು, ಕೇಳಿದರೆ ತೊಂದರೆ ಎಂದು ಅಂಗಡಿಯ ನಾಲ್ಕೂ ಖಾತೆಗಳನ್ನು ಅಡ್ಮಿನ್ ಮಾಡಿ ಹೋಗಿದ್ದರು. ಬೇಕಾಗಿದ್ದದ್ದು ಒಂದು ಫೋಲ್ಡರ್‌ನ ಅನುಮತಿ.

ಟಾಸ್ಕ್ ಶೆಡ್ಯೂಲರ್

ಯಂತ್ರಕ್ಕೆ ಸೇರಿದ ಕೆಲಸಕ್ಕೆ ನಾನು ಹೇಳುವುದು ಇದನ್ನೇ. ಹೇಳಿದ ಹೊತ್ತಿಗೆ, ಇಲ್ಲವೇ ಲಾಗಿನ್ ಆದಾಗ, ಕೆಲಸವನ್ನು ತಾನಾಗಿ ಓಡಿಸುವ ವಿಂಡೋಸ್‌ನ ಸೌಲಭ್ಯ ಇದು. ವಿಂಡೋಸ್ ಹೋಮ್‌ನಲ್ಲೂ ಇದೆ, ದುಡ್ಡು ಕೊಡಬೇಕಿಲ್ಲ, ಬೇರೆ ಏನೂ ಹಾಕಬೇಕಿಲ್ಲ. ಅಡ್ಮಿನ್ ಒಂದು ಸಲ ಕೂತು ಟಾಸ್ಕ್ ಮಾಡಿಟ್ಟರೆ ಮುಂದೆ ಯಾವ ಕಿಟಕಿಯೂ ಬರುವುದಿಲ್ಲ. ಹಕ್ಕು ಸಿಗುವುದು ಆ ಒಂದು ಸ್ಕ್ರಿಪ್ಟ್‌ಗೆ, ಕೌಂಟರ್‌ನಲ್ಲಿ ಕೂತವರ ಖಾತೆಗಲ್ಲ. ನನಗೆ ಇದು ಮುಖ್ಯ.

ಆದರೆ ಎಡವುವ ಜಾಗಗಳೂ ಇಲ್ಲೇ ಜಾಸ್ತಿ.

"ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್" ಎಂಬ ಟಿಕ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಆ ಟಿಕ್ ಕೊಡುವುದು ಆ ಖಾತೆಗೆ ಇರುವ ಹಕ್ಕಿನಲ್ಲಿ ಅತಿ ಹೆಚ್ಚಿನದನ್ನು. ಸ್ಟ್ಯಾಂಡರ್ಡ್ ಯೂಸರ್ ಖಾತೆಗೆ ಇರುವುದೇ ಅಷ್ಟು. ಟಿಕ್ ಹಾಕಿದರೂ ಅಷ್ಟೇ ಸಿಗುತ್ತದೆ. ಆದ್ದರಿಂದ ಟಾಸ್ಕ್ ಯಾರ ಹೆಸರಿನಲ್ಲಿ ಓಡಬೇಕು ಎಂಬುದನ್ನು ಬದಲಿಸಬೇಕು. ಜನರಲ್ ಪುಟದಲ್ಲಿ "ಚೇಂಜ್ ಯೂಸರ್ ಆರ್ ಗ್ರೂಪ್" ಒತ್ತಿ ಸಿಸ್ಟಮ್ ಎಂದು ಟೈಪ್ ಮಾಡಿ. ಸಿಸ್ಟಮ್ ಎಂಬುದು ವಿಂಡೋಸ್ ತನ್ನದೇ ಕೆಲಸಕ್ಕೆ ಬಳಸುವ, ಯಂತ್ರದ ಮೇಲೆ ಪೂರ್ತಿ ಹಕ್ಕಿರುವ ಖಾತೆ. ಅದಕ್ಕೆ ಪಾಸ್‌ವರ್ಡ್ ಇಲ್ಲ. ಹಾಗಾಗಿ ಮಾಲೀಕರು ತಮ್ಮ ಪಾಸ್‌ವರ್ಡ್ ಬದಲಿಸಿದರೂ ಟಾಸ್ಕ್ ನಿಲ್ಲುವುದಿಲ್ಲ. ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೊಟ್ಟು ಮಾಡಿದ ಟಾಸ್ಕ್ ಹಾಗೆ ನಿಂತುಹೋಗುತ್ತದೆ.

ಸಿಸ್ಟಮ್ ಖಾತೆಯಲ್ಲಿ ಓಡುವ ಸ್ಕ್ರಿಪ್ಟ್ ಪರದೆಗೆ ಏನನ್ನೂ ತರಲಾರದು. ಸಂದೇಶ ತೋರಿಸುವ, ಏನಾದರೊಂದು ಕೀ ಒತ್ತಿ ಎಂದು ಕಾಯುವ ಸಾಲುಗಳಿದ್ದರೆ ತೆಗೆದುಹಾಕಿ. ಇಲ್ಲದಿದ್ದರೆ ಕಾಣದ ಜಾಗದಲ್ಲಿ ಅದು ಕಾಯುತ್ತಲೇ ಇರುತ್ತದೆ. ನಮ್ಮ ಖಾತೆಯಲ್ಲಿ ಜೋಡಿಸಿದ ಝಡ್ ಡ್ರೈವ್ ಕೂಡ ಅದಕ್ಕೆ ಕಾಣುವುದಿಲ್ಲ.

ಆ್ಯಕ್ಷನ್ಸ್ ಪುಟದಲ್ಲಿ "ಸ್ಟಾರ್ಟ್ ಇನ್" ಖಾಲಿ ಬಿಟ್ಟರೆ ಸ್ಕ್ರಿಪ್ಟ್ ಸಿಸ್ಟಮ್ 32 ಫೋಲ್ಡರ್‌ನಲ್ಲಿ ನಿಂತು ಓಡುತ್ತದೆ. ಪಕ್ಕದಲ್ಲೇ ಇರುವ ಫೈಲ್ ಅದಕ್ಕೆ ಸಿಗುವುದಿಲ್ಲ. ಅಲ್ಲಿ ಫೋಲ್ಡರ್ ದಾರಿ ಬರೆಯಿರಿ, ಉದ್ಧರಣ ಚಿಹ್ನೆ ಹಾಕಬೇಡಿ, ಹಾಕಿದರೆ ಟಾಸ್ಕ್ ಓಡದು.

ಇನ್ನು ಕರೆಂಟಿನ ವಿಷಯ. ಇದು ನಮ್ಮ ಮಲೆನಾಡಿನ ಕಡೆಗೆ ಬಹಳ ಮುಖ್ಯ. ಸಕಲೇಶಪುರದ ಹತ್ತಿರ ಕಾಫಿ ಕೊಳ್ಳುವ ಒಬ್ಬರ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಇದೆ. ಬೆಳಿಗ್ಗೆ ಲೆಕ್ಕದ ಬ್ಯಾಕಪ್ ಸರ್ವಿಸ್ ಶುರು ಮಾಡುವ ಟಾಸ್ಕ್ ಮಾಡಿಕೊಟ್ಟಿದ್ದೆ. ಬೇಸಿಗೆಯಲ್ಲಿ ಸರಿಯಾಗಿ ನಡೆಯಿತು. ಜೂನ್ ಬಂತು, ಮಳೆ ಹಿಡಿಯಿತು, ಬ್ಯಾಕಪ್ ಒಂದು ದಿನ ಇದೆ, ಮೂರು ದಿನ ಇಲ್ಲ. ಅಲ್ಲಿಗೆ ಹೋಗಿ ನೋಡಿದಾಗ ಗೊತ್ತಾಯಿತು. ಟಾಸ್ಕ್‌ನ ಕಂಡಿಷನ್ಸ್ ಪುಟದಲ್ಲಿ "ಕರೆಂಟಿಗೆ ಜೋಡಿಸಿದ್ದರೆ ಮಾತ್ರ ಶುರು ಮಾಡು" ಎಂಬ ಅರ್ಥದ ಟಿಕ್ ಮೊದಲಿನಿಂದಲೇ ಬಿದ್ದಿರುತ್ತದೆ. ಬೆಳಿಗ್ಗೆ ಕರೆಂಟ್ ಇಲ್ಲದ ದಿನ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಏಳುತ್ತದೆ, ಟಾಸ್ಕ್ ಶುರುವಾಗುವುದೇ ಇಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಆ ಟಿಕ್ ತೆಗೆಯಿರಿ. ಅದರ ಕೆಳಗೇ ಬ್ಯಾಟರಿಗೆ ಬಂದರೆ ನಿಲ್ಲಿಸು ಎನ್ನುವ ಟಿಕ್ ಕೂಡ ಇದೆ, ಅದನ್ನೂ ತೆಗೆಯಿರಿ.

ಟ್ರಿಗರ್ (ಟಾಸ್ಕನ್ನು ಯಾವಾಗ ಎಬ್ಬಿಸಬೇಕು ಎಂಬುದು) ಆರಿಸುವಾಗ "ಅಟ್ ಸ್ಟಾರ್ಟಪ್" ಮತ್ತು "ಅಟ್ ಲಾಗ್ ಆನ್" ಎಂಬ ಎರಡು ಕಾಣುತ್ತವೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಬಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ಮಲಗಿರುತ್ತದೆ. ಮರುದಿನ ಏಳುವುದು ಪೂರ್ತಿ ಹೊಸ ಶುರು ಅಲ್ಲ. ಸ್ಟಾರ್ಟಪ್‌ಗೆ ಕಟ್ಟಿದ ಕೆಲಸ ಕೆಲವೊಮ್ಮೆ ತಪ್ಪಿಹೋಗುತ್ತದೆ, ರೀಸ್ಟಾರ್ಟ್ ಮಾಡಿದಾಗ ಮಾತ್ರ ಓಡುತ್ತದೆ. ನಾನು ಅಂಗಡಿಗಳಲ್ಲಿ ಲಾಗ್ ಆನ್ ಟ್ರಿಗರನ್ನೇ ಹಾಕುತ್ತೇನೆ, ಯಾವ ಯೂಸರ್ ಬಂದರೂ ಸರಿ ಎಂದು ಆರಿಸಿ, ಮೂವತ್ತು ಸೆಕೆಂಡ್ ತಡ ಕೊಡುತ್ತೇನೆ. ಟಾಸ್ಕ್ ಸಿಸ್ಟಮ್ ಹೆಸರಲ್ಲೇ ಓಡುತ್ತದೆ, ಯಾರ ಲಾಗಿನ್ ಅದನ್ನು ಎಬ್ಬಿಸಿತು ಎಂಬುದು ಮಾತ್ರ ಬೇರೆ.

"ಆನ್ ವರ್ಕ್‌ಸ್ಟೇಷನ್ ಅನ್‌ಲಾಕ್" ಎಂಬ ಇನ್ನೊಂದು ಟ್ರಿಗರ್ ಇದೆ, ನನಗೆ ಬಹಳ ಇಷ್ಟ. ಮಧ್ಯಾಹ್ನ ಪ್ರಿಂಟರ್ ಸಿಕ್ಕಿಕೊಂಡರೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ, ಮತ್ತೆ ಒಳಗೆ ಬಂದರೆ ಸಾಕು, ಸ್ಕ್ರಿಪ್ಟ್ ಓಡುತ್ತದೆ. ಅಡ್ಮಿನ್ ಬೇಡ, ಫೋನ್ ಬೇಡ. ಒಂದು ಎಚ್ಚರಿಕೆ: ಸಾಲಿನಲ್ಲಿರುವ ಒಳ್ಳೇ ಪ್ರಿಂಟ್‌ಗಳೂ ಅಳಿಯುತ್ತವೆ. ಅದನ್ನು ಕೌಂಟರ್‌ನವರಿಗೆ ಮೊದಲೇ ಹೇಳಿಕೊಡಿ.

ಫೈಲ್ ಎಲ್ಲಿಡುತ್ತೀರಿ?

ದಯವಿಟ್ಟು ಇದನ್ನು ಹಾರಿಸಬೇಡಿ. ಸಿಸ್ಟಮ್ ಖಾತೆಯಲ್ಲಿ ಓಡುವ ಫೈಲನ್ನು ಸ್ಟ್ಯಾಂಡರ್ಡ್ ಯೂಸರ್ ತಿದ್ದುವಂತಿದ್ದರೆ ನೀವು ಇಡೀ ಯಂತ್ರದ ಬೀಗದ ಕೈಯನ್ನು ಬಾಗಿಲಲ್ಲೇ ನೇತುಹಾಕಿದಂತೆ. ನೋಟ್‌ಪ್ಯಾಡ್‌ನಲ್ಲಿ ಫೈಲ್ ತೆರೆದು ನನ್ನನ್ನು ಅಡ್ಮಿನ್ ಗುಂಪಿಗೆ ಸೇರಿಸು ಎಂಬ ಒಂದು ಸಾಲು ಬರೆದರೆ ನಾಳೆ ಬೆಳಿಗ್ಗೆ ಅದು ಆಗಿರುತ್ತದೆ. ಬೇಕೆಂದೇ ಮಾಡುವವರು ಇಲ್ಲದಿರಬಹುದು. ಪೆನ್‌ಡ್ರೈವ್‌ನಿಂದ ಬಂದ ವೈರಸ್‌ಗೂ ಅದೇ ದಾರಿ ಸಾಕು. ಜೆರಾಕ್ಸ್ ಅಂಗಡಿಗೆ ದಿನಕ್ಕೆ ಎಷ್ಟು ಪೆನ್‌ಡ್ರೈವ್ ಬರುತ್ತವೆ ಯೋಚಿಸಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಸಿ ಡ್ರೈವ್ ತೆರೆದು ನೇರವಾಗಿ ಅಲ್ಲೇ ಸ್ಕ್ರಿಪ್ಟ್ಸ್ ಎಂಬ ಹೊಸ ಫೋಲ್ಡರ್ ಮಾಡುತ್ತಾರೆ. ಸಿ ಡ್ರೈವ್‌ನ ಮೇಲ್ಮಟ್ಟದಲ್ಲಿ ಹೀಗೆ ಮಾಡಿದ ಫೋಲ್ಡರ್‌ಗೆ "ಆಥೆಂಟಿಕೇಟೆಡ್ ಯೂಸರ್ಸ್" ಗುಂಪಿನ ಮಾಡಿಫೈ ಅನುಮತಿ ತಾನಾಗಿ ಬರುತ್ತದೆ. ಅಂದರೆ ಲಾಗಿನ್ ಆದ ಯಾರು ಬೇಕಾದರೂ ಒಳಗಿನ ಫೈಲನ್ನು ತಿದ್ದಬಹುದು. ಫೋಲ್ಡರ್ ಮಾಡಿದ್ದು ಅಡ್ಮಿನ್ ಆದರೂ ಅಷ್ಟೇ. ಅದರ ಬದಲು ಪ್ರೋಗ್ರಾಂ ಫೈಲ್ಸ್ ಒಳಗೆ ಫೋಲ್ಡರ್ ಮಾಡಿ. ಅಲ್ಲಿ ಸಾಮಾನ್ಯ ಯೂಸರ್ ಓದಬಹುದು, ಬರೆಯಲಾರ. ಆಮೇಲೆ ಸ್ಟ್ಯಾಂಡರ್ಡ್ ಖಾತೆಗೆ ಲಾಗಿನ್ ಆಗಿ, ಫೈಲ್ ತೆರೆದು, ಒಂದು ಅಕ್ಷರ ಸೇರಿಸಿ ಸೇವ್ ಒತ್ತಿ ನೋಡಿ. ಸೇವ್ ಆಗಬಾರದು. ಸ್ಕ್ರಿಪ್ಟ್ ಒಳಗಿಂದ ಬೇರೆ ಫೈಲನ್ನು ಕರೆಯುತ್ತಿದ್ದರೆ ಅದನ್ನೂ ಇಲ್ಲೇ ಇಡಿ, ಅದನ್ನೂ ಹೀಗೇ ಪರೀಕ್ಷಿಸಿ.

ಗ್ರೂಪ್ ಪಾಲಿಸಿ ಮತ್ತು ಸರ್ವಿಸ್

ಕಾಲೇಜಿನ ಲ್ಯಾಬ್‌ನಂತೆ ನಲವತ್ತು ಯಂತ್ರ ಒಂದು ಡೊಮೈನ್‌ನಲ್ಲಿದ್ದರೆ (ಒಂದೇ ಸರ್ವರ್‌ನಿಂದ ನಡೆಸುವ ಜಾಲ) ಒಂದೊಂದಕ್ಕೂ ಕೂತು ಟಾಸ್ಕ್ ಮಾಡಬೇಡಿ, ಎಲ್ಲಕ್ಕೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿ ಬಳಸಿ. ಕಂಪ್ಯೂಟರ್ ಕಾನ್ಫಿಗರೇಷನ್ ಕೆಳಗಿನ ಸ್ಟಾರ್ಟಪ್ ಸ್ಕ್ರಿಪ್ಟ್ ಸಿಸ್ಟಮ್ ಹಕ್ಕಿನಲ್ಲಿ ಓಡುತ್ತದೆ. ಯೂಸರ್ ಕಾನ್ಫಿಗರೇಷನ್ ಕೆಳಗಿನ ಲಾಗಾನ್ ಸ್ಕ್ರಿಪ್ಟ್ ಲಾಗಿನ್ ಆದವರ ಹಕ್ಕಿನಲ್ಲಿ. ಮೇಲೆ ಹೇಳಿದ ಎರಡು ಗುಂಪಿಗೆ ಇದು ಸರಿಯಾಗಿ ಕೂರುತ್ತದೆ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಸ್ಟಾರ್ಟಪ್ ಸ್ಕ್ರಿಪ್ಟ್ ತಪ್ಪಬಹುದು, ಲ್ಯಾಬ್‌ನಲ್ಲಿ ಅದನ್ನು ಆಫ್ ಮಾಡಿಡಿ. ವಿಂಡೋಸ್ 8.1ರಿಂದ ಈಚೆಗೆ ಲಾಗಾನ್ ಸ್ಕ್ರಿಪ್ಟ್ ಲಾಗಿನ್ ಆದ ಐದು ನಿಮಿಷದ ಮೇಲೆ ಓಡುತ್ತದೆ. ಸ್ಕ್ರಿಪ್ಟ್ ಕೆಟ್ಟಿದೆ ಎಂದು ಹುಡುಕಬೇಡಿ, "ಕಾನ್ಫಿಗರ್ ಲಾಗಾನ್ ಸ್ಕ್ರಿಪ್ಟ್ ಡಿಲೇ" ಎಂಬ ಪಾಲಿಸಿಯನ್ನು ಬದಲಿಸಿ. ವಿಂಡೋಸ್ ಹೋಮ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ. ಹಾಗಾಗಿ ಮನೆ, ಸಣ್ಣ ಅಂಗಡಿಗೆ ಈ ದಾರಿ ಸಾಮಾನ್ಯವಾಗಿ ಸಿಗದು.

ದಿನವಿಡೀ ಓಡುತ್ತಲೇ ಇರಬೇಕಾದ ಪ್ರೋಗ್ರಾಂ ಇದ್ದರೆ, ಉದಾಹರಣೆಗೆ ವೇಬ್ರಿಡ್ಜ್‌ನಿಂದ ತೂಕ ಓದುತ್ತಾ ಕೂರುವಂಥದ್ದು, ಸರ್ವಿಸ್ ಸರಿ. ಬ್ಯಾಚ್ ಫೈಲನ್ನು ನೇರವಾಗಿ ಸರ್ವಿಸ್ ಮಾಡಲು ಹೋಗಬೇಡಿ. ವಿಂಡೋಸ್ ಮಾತಾಡಿಸಿದಾಗ ಸರ್ವಿಸ್ ಉತ್ತರ ಕೊಡಬೇಕು, ಬ್ಯಾಚ್ ಫೈಲ್‌ಗೆ ಅದು ಗೊತ್ತಿಲ್ಲ. 1053 ಎಂಬ ಎರರ್ ಬಂದು ನಿಲ್ಲುತ್ತದೆ.

ಮಾಡಬೇಡಿ ಎನ್ನುವ ಮೂರು

ಯುಎಸಿಯನ್ನೇ ಆಫ್ ಮಾಡಿ ಎಂಬ ಸಲಹೆ ಈಗಲೂ ಓಡಾಡುತ್ತಿದೆ. ಅದರಿಂದ ಸ್ಟ್ಯಾಂಡರ್ಡ್ ಯೂಸರ್‌ಗೆ ಏನೂ ಸಿಗುವುದಿಲ್ಲ. ಸ್ಲೈಡರನ್ನು ಕೆಳಗೆ ಎಳೆದರೆ ಕಿಟಕಿ ಬರುವುದಿಲ್ಲ ನಿಜ, ಅಡ್ಮಿನ್ ಬೇಕಾದ ಕೆಲಸಕ್ಕೆ ಕೇಳದೆಯೇ ಇಲ್ಲ ಎಂದುಬಿಡುತ್ತದೆ. ಕಾವಲು ಹೋಯಿತು, ಕೆಲಸವೂ ಆಗಲಿಲ್ಲ.

ಕೌಂಟರ್ ಖಾತೆಯನ್ನೇ ಅಡ್ಮಿನ್ ಮಾಡುವುದು ಎರಡನೆಯದು. ಆಗಲೂ ಹೌದು ಒತ್ತಿ ಎಂದು ಕಿಟಕಿ ಬರುತ್ತದೆ. ಕೇಳಿದ್ದಕ್ಕೆಲ್ಲ ಹೌದು ಒತ್ತುವ ಅಭ್ಯಾಸವೂ ಬೆಳೆಯುತ್ತದೆ.

ಮೂರನೆಯದು, ಬೇರೆ ಖಾತೆಯ ಹೆಸರಿನಲ್ಲಿ ಪ್ರೋಗ್ರಾಂ ಓಡಿಸುವ ರನ್ಆ್ಯಸ್ ಆಜ್ಞೆಯ ಜೊತೆ ಸೇವ್‌ಕ್ರೆಡ್. ಒಂದು ಸಲ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದಿಲ್ಲ. ಮೊದಮೊದಲು ನಾನೂ ಒಂದು ಅಂಗಡಿಯಲ್ಲಿ ಇದನ್ನು ಮಾಡಿಕೊಟ್ಟಿದ್ದೆ. ಆಮೇಲೆ ಅರ್ಥವಾಯಿತು, ನೆನಪಿಟ್ಟ ಪಾಸ್‌ವರ್ಡ್ ನನ್ನ ಸ್ಕ್ರಿಪ್ಟ್‌ಗೆ ಮಾತ್ರ ಕಟ್ಟಿದ್ದಲ್ಲ. ಆ ಖಾತೆಯಲ್ಲಿ ಕೂತವರು ಅದೇ ಆಜ್ಞೆಯಿಂದ ಯಾವ ಪ್ರೋಗ್ರಾಂ ಬೇಕಾದರೂ ಅಡ್ಮಿನ್ ಹೆಸರಿನಲ್ಲಿ ತೆರೆಯಬಹುದು. ಮರುದಿನವೇ ಹೋಗಿ, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಿಂದ ಅಳಿಸಿ, ಪಾಸ್‌ವರ್ಡ್ ಬದಲಿಸಿ ಬಂದೆ. ನಿಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಇವತ್ತೇ ತೆಗೆಯಿರಿ.

ಆ ಅಂಗಡಿಯಲ್ಲಿ ಕೊನೆಗೆ ಮಾಡಿದ್ದು

ಮೇಲಿನ ನಾಲ್ಕು ಸಾಲು ಅಳಿಸಿದೆ. ಝಡ್ ಡ್ರೈವ್ ಜೋಡಿಸುವ ಸಾಲನ್ನು ಬೇರೆ ಫೈಲ್ ಮಾಡಿ ಕೌಂಟರ್ ಖಾತೆಯ ಸ್ಟಾರ್ಟಪ್ ಫೋಲ್ಡರ್‌ಗೆ ಹಾಕಿದೆ. ಪ್ರಿಂಟ್ ಸ್ಪೂಲರ್ (ಪ್ರಿಂಟ್‌ಗಳ ಸಾಲನ್ನು ನೋಡಿಕೊಳ್ಳುವ ಸರ್ವಿಸ್) ನಿಲ್ಲಿಸಿ, ಸಿಕ್ಕಿಕೊಂಡ ಫೈಲ್‌ಗಳನ್ನು ಅಳಿಸಿ, ಮತ್ತೆ ಶುರು ಮಾಡುವ ಸಾಲುಗಳು ಪ್ರೋಗ್ರಾಂ ಫೈಲ್ಸ್ ಒಳಗೆ ಹೋದವು. ಅದಕ್ಕೆ ಸಿಸ್ಟಮ್ ಹೆಸರಿನ ಟಾಸ್ಕ್, ಲಾಗ್ ಆನ್ ಮತ್ತು ಅನ್‌ಲಾಕ್ ಎರಡೂ ಟ್ರಿಗರ್.

ಸಮಯ ಸರಿ ಮಾಡುವ ಸಾಲನ್ನು ಎಲ್ಲಿಗೂ ಹಾಕಲಿಲ್ಲ. ಮಾಲೀಕರನ್ನು ಕೇಳಿದಾಗ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋದರೆ ಬೆಳಿಗ್ಗೆ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ ಎಂದರು. ಮದರ್‌ಬೋರ್ಡ್‌ನ ಬ್ಯಾಟರಿ ಸತ್ತಿತ್ತು. ವ್ಯತ್ಯಾಸ ಅಷ್ಟು ದೊಡ್ಡದಿದ್ದರೆ ವಿಂಡೋಸ್‌ನ ಟೈಮ್ ಸರ್ವಿಸ್ ಸರಿ ಮಾಡಲು ಒಪ್ಪದಿರುವುದೂ ಉಂಟು. ಕ್ಯಾಬಿನೆಟ್ ಬಿಚ್ಚಿ, ನಾಣ್ಯದಷ್ಟು ಅಗಲದ ಸಿಆರ್ 2032 ಬ್ಯಾಟರಿ ಬದಲಿಸಿ, ಬಯಾಸ್‌ನಲ್ಲಿ ತಾರೀಕು ಹಾಕಿದೆ. ಆ ಸಾಲಿಗೆ ಇನ್ನು ಕೆಲಸವಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಟಾಸ್ಕ್ ಶೆಡ್ಯೂಲರ್ ತೆರೆದು "ಲಾಸ್ಟ್ ರನ್ ರಿಸಲ್ಟ್" ನೋಡಿದೆ. ಸೊನ್ನೆ ಇದ್ದರೆ ಸರಿಯಾಗಿ ಓಡಿದೆ ಎಂದು ಅರ್ಥ, ಎರಡು ಇದ್ದರೆ ಫೈಲ್ ಸಿಕ್ಕಿಲ್ಲ. ಸೊನ್ನೆ ಇತ್ತು. ಹುಡುಗಿ ಅಷ್ಟರಲ್ಲಿ ಮೊದಲ ಪೆನ್‌ಡ್ರೈವ್ ಹಾಕಿ ಪ್ರಿಂಟ್ ಕೊಟ್ಟಾಗಿತ್ತು.